ಮನಸ್ಸು ಸರಿಹೋಗಲಿ ಅಂತ ಕಾಯುತ್ತಾ ಕೂರಬೇಡಿ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಡಿಗ್ರಿಯ ಎರಡನೇ ವರ್ಷದಲ್ಲಿ ನಾನು ಒಂದು ಪೇಪರ್‌ನಲ್ಲಿ ಫೇಲಾದೆ. ರಿಸಲ್ಟ್ ನೋಡಿ ರೂಮಿನ ಬಾಗಿಲು ಹಾಕಿಕೊಂಡವಳು ಮೂರು ದಿನ ಕ್ಲಾಸಿಗೆ ಹೋಗಲಿಲ್ಲ. ಮಲಗುವುದು, ಫೋನ್ ನೋಡುವುದು, ಮತ್ತೆ ಮಲಗುವುದು. ‘ಮನಸ್ಸು ಸ್ವಲ್ಪ ತಿಳಿಯಾಗಲಿ, ಆಮೇಲೆ ಪುಸ್ತಕ ಹಿಡಿದರಾಯಿತು’ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾಲ್ಕನೇ ದಿನ ಬೆಳಿಗ್ಗೆಯೂ ಅದು ತಿಳಿಯಾಗಿರಲಿಲ್ಲ.

ಅವತ್ತು ಪಕ್ಕದ ರೂಮಿನ ಸೀನಿಯರ್ ಅಕ್ಕ ಬಾಗಿಲು ಬಡಿದರು. ಏನಾಯಿತು, ಯಾಕೆ ಅಂತ ಏನೂ ಕೇಳಲಿಲ್ಲ. ‘ಬೆಡ್‌ಶೀಟ್ ಒಗೆದಿದ್ದೀನಿ, ಒಬ್ಬಳೇ ಹಿಂಡೋಕೆ ಆಗ್ತಿಲ್ಲ, ಸ್ವಲ್ಪ ಬಾರೇ’ ಅಂದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಅವರು ಆ ಕಡೆ ತಿರುಚಿದರೆ ನಾನು ಈ ಕಡೆ. ನೀರೆಲ್ಲ ಪಾದದ ಮೇಲೆ ಸುರಿಯಿತು. ಹಗ್ಗಕ್ಕೆ ಹಾಕುವಷ್ಟರಲ್ಲಿ ಟೆರೇಸಿನ ಬಿಸಿಲು ಬೆನ್ನಿಗೆ ತಾಗಿತ್ತು. ಕೆಳಗೆ ಬಂದು ಸ್ನಾನ ಮಾಡಿದೆ, ತಲೆ ಬಾಚಿಕೊಂಡೆ. ಸಂಜೆ ಅರ್ಧ ಗಂಟೆ ಓದಿದೆ ಕೂಡ. ದುಃಖ ಹಾಗೇ ಇತ್ತು. ಆದರೆ ಹಾಸಿಗೆ ಬಿಟ್ಟು ಎದ್ದಿದ್ದೆ.

ಈಗ ನಾನೇ ಪಾಠ ಮಾಡುತ್ತೇನೆ. ‘ಮನಸ್ಸು ಸರಿಯಿಲ್ಲ ಮೇಡಂ, ಸರಿಹೋದ ಮೇಲೆ ಮಾಡ್ತೀನಿ’ ಅನ್ನುವ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ಮೊದಲು ಮನಸ್ಸು, ಆಮೇಲೆ ಕೆಲಸ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ. ಎಷ್ಟೋ ಸಲ ಇದು ಉಲ್ಟಾ. ಕೈಕಾಲು ಮೊದಲು ಏಳಬೇಕು, ಮನಸ್ಸು ಹಿಂದೆ ಬರುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಖಿನ್ನತೆಯ ಚಿಕಿತ್ಸೆಯನ್ನೇ ಈ ದಾರಿಯಲ್ಲಿ ಬೆಳೆಸಿದರು. ಉತ್ಸಾಹ ಬರಲಿ ಅಂತ ಕಾಯದೆ, ಸಣ್ಣ ಸಣ್ಣ ಚಟುವಟಿಕೆಗಳನ್ನು ದಿನದೊಳಗೆ ಮತ್ತೆ ತರುವ ದಾರಿ ಅದು. ಕೆಳಗಿನ ಹೆಜ್ಜೆಗಳ ಕ್ರಮವೂ ಅದೇ. ಮೊದಲು ಮೈ, ಆಮೇಲೆ ಕಾಗದ, ಓದು, ಜನ. ‘ನನ್ನನ್ನು ನಾನು ಬದಲಾಯಿಸಿಕೊಳ್ಳಬೇಕು’ ಅನ್ನುವ ದೊಡ್ಡ ಮಾತು ಅದೆಲ್ಲ ಆದ ಮೇಲೆ.

ಒಂದು ವಿಷಯ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಬದುಕೋದೇ ಬೇಡ ಅನ್ನುವ ಯೋಚನೆ ನಿಮಗೆ ಬರುತ್ತಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ನೇರವಾಗಿ ಕೊನೆಯ ಹೆಜ್ಜೆಗೆ ಹೋಗಿ. ಇವತ್ತೇ.

ಹೆಜ್ಜೆ 1: ಏಳುವ ಹೊತ್ತು ಗಟ್ಟಿ ಮಾಡಿಕೊಳ್ಳಿ

ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು. ‘ಇವತ್ತಿಂದ ಹತ್ತಕ್ಕೇ ಮಲಗ್ತೀನಿ’ ಅಂತ ನಿರ್ಧಾರ ಮಾಡಿದರೂ ನಿದ್ದೆ ನಮ್ಮ ಮಾತು ಕೇಳುವುದಿಲ್ಲ. ಅಲಾರಂ ಕೇಳುತ್ತದೆ. ರಜೆಯ ದಿನವೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಎದ್ದು, ಎದ್ದ ಕೂಡಲೇ ಹೊರಗಿನ ಬೆಳಕಿಗೆ ಹೋಗಿ. ಕೆಲವು ದಿನಗಳಲ್ಲಿ ರಾತ್ರಿಯ ನಿದ್ದೆ ತಾನಾಗಿ ಬೇಗ ಬರತೊಡಗುತ್ತದೆ. ಹದಿಹರೆಯದ ಕೊನೆಯಲ್ಲಿ ಮೈಯೊಳಗಿನ ಗಡಿಯಾರ ತಡವಾಗಿ ಓಡುವುದು ಸಹಜ. ರಾತ್ರಿ ಬೇಗ ನಿದ್ದೆ ಬರದಿದ್ದರೆ ಅದನ್ನು ಸೋಮಾರಿತನ ಅಂತ ಕರೆದುಕೊಳ್ಳಬೇಡಿ. ವಯಸ್ಕರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿಗೂ ಇದೇ ಲೆಕ್ಕ, ಯಾಕಂದರೆ ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸ ಬಹಳಷ್ಟು ನಡೆಯುವುದು ನಿದ್ದೆಯಲ್ಲೇ.

ಸಂಜೆಯ ಕಾಫಿ ಬಗ್ಗೆ ಎಚ್ಚರ ಇರಲಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಏಳು ಗಂಟೆಗೆ ಕುಡಿದದ್ದು ಮಧ್ಯರಾತ್ರಿಯಲ್ಲೂ ಮೈಯಲ್ಲಿ ಅರ್ಧ ಉಳಿದಿರುತ್ತದೆ.

ದೀಪ ಆರಿಸಿದ ಮೇಲೆ ನಾಳೆಯ ಕೆಲಸಗಳು ಸಾಲಾಗಿ ತಲೆಯೊಳಗೆ ಬಂದು ನಿಲ್ಲುತ್ತವೆ, ಅಲ್ವಾ? ಅದಕ್ಕೊಂದು ಸುಲಭದ ಉಪಾಯ ಇದೆ. ಮಲಗುವ ಮೊದಲು 5 ನಿಮಿಷ, ನಾಳೆ ಮತ್ತು ಮುಂದಿನ ದಿನಗಳಲ್ಲಿ ಮಾಡಬೇಕಾದ್ದನ್ನೆಲ್ಲ ಪಟ್ಟಿ ಮಾಡಿ. ಮೈಕಲ್ ಸ್ಕಲಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18ರಿಂದ 30 ವರ್ಷದವರು ನಿದ್ರಾ ಪ್ರಯೋಗಾಲಯದಲ್ಲಿ ಇದನ್ನೇ ಮಾಡಿದರು. ಆಗಲೇ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಮುಂದೆ ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ವಿವರವಾಗಿ ಬರೆದಷ್ಟೂ ನಿದ್ದೆ ಬೇಗ. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆಯಿರಿ. ಫೋನ್ ಕೈಗೆ ಬಂದರೆ ಪಟ್ಟಿ ಮುಗಿದ ಮೇಲೂ ಕೈಯಲ್ಲೇ ಉಳಿಯುತ್ತದೆ.

ನಡೆಯುವುದನ್ನೂ ಇಲ್ಲೇ ಸೇರಿಸಿಬಿಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣ ವಾರಕ್ಕೆ 150 ನಿಮಿಷದ ಸಾಧಾರಣ ಶ್ರಮ. ಬೆಳಿಗ್ಗೆ ಬೆಳಕಿಗೆ ಅಂತ ಹೊರಗೆ ಹೋದವರು ದಿನಾ ಇಪ್ಪತ್ತೈದು ನಿಮಿಷ ಬಿರುಸಾಗಿ ನಡೆದು ಬಂದರೆ ಅದು ಮುಗಿಯಿತು.

ಹೆಜ್ಜೆ 2: ತಲೆಯಲ್ಲಿ ಇರುವುದನ್ನು ಕಾಗದಕ್ಕೆ ಇಳಿಸಿ

‘ಬೇಜಾರು’ ಅಂತ ನಮ್ಮಲ್ಲೊಂದು ಪದ ಇದೆ. ಮಾಡಲು ಕೆಲಸ ಇಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಸುಸ್ತಾದರೂ ಬೇಜಾರು, ಯಾರೋ ಸತ್ತರೂ ಬೇಜಾರು. ಅದರ ಪಕ್ಕದಲ್ಲೇ ‘ಟೆನ್ಷನ್’. ಇವೆರಡರಲ್ಲಿ ಎಲ್ಲವನ್ನೂ ಸುತ್ತಿಟ್ಟುಬಿಟ್ಟರೆ ಒಳಗೆ ಏನಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ಮೊದಲು ಗಂಟು ಬಿಚ್ಚಿ. ಇದು ಹೆದರಿಕೆಯಾ, ನಾಚಿಕೆಯಾ, ಹೊಟ್ಟೆಕಿಚ್ಚಾ, ಒಂಟಿತನವಾ, ಯಾರ ಮೇಲಾದರೂ ಸಿಟ್ಟಾ? ಸರಿಯಾದ ಹೆಸರು ಸಿಕ್ಕಿದ ಕ್ಷಣ ಮನಸ್ಸು ಸ್ವಲ್ಪ ಸಡಿಲವಾಗುತ್ತದೆ. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ಇದನ್ನು ನೋಡಿತು. ಫೋಟೋದ ಮುಖದಲ್ಲಿ ಕಂಡ ಭಾವನೆಗೆ ಪದ ಕೊಟ್ಟಾಗ, ಭಯದಂಥ ಭಾವನೆಗಳ ಹೊತ್ತಲ್ಲಿ ಚುರುಕಾಗುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ತಗ್ಗಿತ್ತು.

ಹೆಸರು ಸಿಕ್ಕ ಮೇಲೆ ಯೋಚನೆಯನ್ನು ಪರೀಕ್ಷೆ ಮಾಡಬೇಕು. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರುಮಾಡಿದ ಚಿಕಿತ್ಸಾ ಪದ್ಧತಿಯಿಂದ ಬಂದ ಅಭ್ಯಾಸ ಇದು. ಸಂಶೋಧನೆ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿ ನನ್ನ ಮುಂದೆ ಕೂತು ಬರೆದ ಹಾಳೆಯನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತೇನೆ.

ಆದದ್ದು ಏನು ಅನ್ನುವ ಕಡೆ ಅವನು ಮೊದಲು ಬರೆದದ್ದು, ‘ಗೈಡ್‌ಗೆ ನನ್ನ ಅಧ್ಯಾಯ ಇಷ್ಟವಾಗಲಿಲ್ಲ’. ಇದು ನಡೆದದ್ದಾ, ನೀನು ಅಂದುಕೊಂಡದ್ದಾ ಅಂತ ಕೇಳಿದೆ. ಪೆನ್ನು ನಿಂತಿತು. ಹೊಡೆದುಹಾಕಿ ಬರೆದ: ‘ಸೋಮವಾರ ಅಧ್ಯಾಯ ಕಳಿಸಿದೆ. ಗುರುವಾರದವರೆಗೆ ಉತ್ತರ ಬಂದಿಲ್ಲ.’ ನಡೆದದ್ದು ಅಷ್ಟೇ. ಮನಸ್ಸು ಹೇಳಿದ್ದೇನು? ‘ಅದು ಕಳಪೆಯಾಗಿದೆ. ನಾನು ಸಂಶೋಧನೆಗೆ ಲಾಯಕ್ಕಲ್ಲ.’ ಎಷ್ಟು ನಂಬುತ್ತೀಯಾ? ‘ನೂರಕ್ಕೆ 90.’ ಇದಕ್ಕೆ ಸಾಕ್ಷಿ? ಬಹಳ ಹೊತ್ತು ಯೋಚಿಸಿ, ‘ಉತ್ತರ ಬಂದಿಲ್ಲ’ ಅಂತಷ್ಟೇ ಬರೆದ. ಇದಕ್ಕೆ ಎದುರಾದ ಸಾಕ್ಷಿ? ಹಿಂದಿನ ಅಧ್ಯಾಯಕ್ಕೂ ಹತ್ತು ದಿನ ಹಿಡಿದಿತ್ತು. ಈ ವಾರ ಗೈಡ್‌ಗೆ ಮೌಲ್ಯಮಾಪನದ ಕೆಲಸ ಇದೆ. ಜೊತೆಗಾರನಿಗೂ ಉತ್ತರ ಬಂದಿಲ್ಲ. ಕೊನೆಯ ಸಾಲು ಹೀಗಿತ್ತು: ‘ಅವರು ಇನ್ನೂ ಓದಿಲ್ಲದೇ ಇರಬಹುದು. ಓದಿ ತಿದ್ದುಪಡಿ ಹೇಳಿದರೂ ಅದು ಅಧ್ಯಾಯಕ್ಕೆ ಹೇಳಿದ್ದು. ಸೋಮವಾರ ಒಂದು ನೆನಪೋಲೆ ಕಳಿಸುತ್ತೇನೆ.’ ಮತ್ತೆ ಕೇಳಿದಾಗ 90 ಹೋಗಿ 40 ಆಗಿತ್ತು. ಸೊನ್ನೆ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ.

ಇದನ್ನು ‘ಪಾಸಿಟಿವ್ ಆಗಿ ಯೋಚಿಸು’ ಅನ್ನುವ ಸಲಹೆ ಅಂದುಕೊಳ್ಳಬೇಡಿ. ಆ ಸಲಹೆ ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಕೆಲವು ಸಲ ಬರೆದು ನೋಡಿದಾಗ ಹೆದರಿಕೆ ನಿಜ ಅಂತಲೇ ಗೊತ್ತಾಗುತ್ತದೆ. ಹಾಜರಿ ನಿಜವಾಗಿ ಕಡಿಮೆ ಇರುತ್ತದೆ, ಎರಡು ವಿಷಯ ನಿಜವಾಗಿ ಬಾಕಿ ಇರುತ್ತವೆ. ಆಗ ಅದೇ ಹಾಳೆಯ ಕೆಳಗೆ ನಾಳೆ ಯಾರನ್ನು ಭೇಟಿಯಾಗಬೇಕು ಅಂತ ಬರೆಯಿರಿ.

ಹಳೆಯ ನೋವು ಇದ್ದರೆ ಇನ್ನೊಂದು ಬಗೆಯ ಬರವಣಿಗೆ ಇದೆ. ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಲಕಿದ ಘಟನೆಯ ಬಗ್ಗೆ ಬರೆದರು. ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್‌ನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರಿಗೆ ಇನ್ನೂ ಜಾಸ್ತಿ ದುಃಖ ಆಗಿತ್ತು. ಹಾಗಾಗಿ ಮಲಗುವ ಮುಂಚೆ ಬೇಡ. ಗಾಯ ತೀರಾ ಹಸಿಯಾಗಿದ್ದರೆ ಒಬ್ಬರೇ ಬರೆಯಲು ಕೂರಬೇಡಿ.

ಹೆಜ್ಜೆ 3: ಓದನ್ನು ಹತ್ತು ನಿಮಿಷಕ್ಕೆ ಇಳಿಸಿ

ಓದು ಮುಂದೂಡುವವರಿಗೆಲ್ಲ ‘ಟೈಮ್ ಟೇಬಲ್ ಮಾಡ್ಕೊ’ ಅನ್ನುತ್ತೇವೆ. ಟೈಮ್ ಟೇಬಲ್ ಅವರ ಹತ್ತಿರ ಮೂರು ಬಣ್ಣದಲ್ಲಿ ಆಗಲೇ ಇರುತ್ತದೆ. ಮುಂದೂಡುವುದರ ಬೇರು ಇರುವುದು ಬೇರೆ ಕಡೆ. ಆ ಪುಸ್ತಕ ತೆರೆದರೆ ಹೆದರಿಕೆ ಆಗುತ್ತದೆ, ಅರ್ಥವಾಗದೆ ನಾಚಿಕೆ ಆಗುತ್ತದೆ. ಆ ಸಂಕಟದಿಂದ ಒಂದು ಗಂಟೆ ತಪ್ಪಿಸಿಕೊಳ್ಳಲು ಫೋನ್ ಎತ್ತಿಕೊಳ್ಳುತ್ತೇವೆ. ಆಮೇಲೆ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಬೈಗುಳ ಸೇರಿಕೊಂಡ ಮೇಲೆ ಆ ಪುಸ್ತಕ ಇನ್ನಷ್ಟು ಹೆದರಿಸುತ್ತದೆ.

ಈ ಸುತ್ತನ್ನು ಕಡಿಯುವುದು ಬೈಗುಳದ ಜಾಗದಲ್ಲೇ. ಮೈಕಲ್ ವೋಲ್, ತಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದವರಲ್ಲಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ‘ನನಗೆ ನಾನು ಸಲಿಗೆ ಕೊಟ್ಟರೆ ಕೆಡುತ್ತೇನೆ’ ಅಂತ ಹೆದರುವವರು ಇದನ್ನು ಎರಡು ಸಲ ಓದಿ. ‘ನಿನ್ನೆ ಆಗಲಿಲ್ಲ, ಆಯಿತು’ ಅಂತ ಬಾಯಿಬಿಟ್ಟು ಹೇಳಿ ಕೂತುಕೊಳ್ಳಿ.

ಕೂರುವುದು ಹತ್ತೇ ನಿಮಿಷ. ಮುಗಿದ ಮೇಲೆ ಏಳುವ ಹಕ್ಕು ನಿಮಗಿದೆ, ನಿಜವಾಗಿಯೂ ಇದೆ. ಮೋಸ ಮಾಡಿಕೊಳ್ಳಬೇಡಿ. ಯಾವಾಗ, ಎಲ್ಲಿ ಅನ್ನುವುದನ್ನು ಮೊದಲೇ ಒಂದು ವಾಕ್ಯದಲ್ಲಿ ಕಟ್ಟಿಡಿ. ‘ಸಂಜೆ ಸ್ನಾನ ಮಾಡಿ ಬಂದ ಕೂಡಲೇ ಕಿಟಕಿ ಪಕ್ಕದ ಮೇಜಿನಲ್ಲಿ ಮೂರನೇ ಲೆಕ್ಕ ತೆಗೆಯುತ್ತೇನೆ.’ ಹೀಗೆ ಹೊತ್ತಿಗೂ ಜಾಗಕ್ಕೂ ಗಂಟು ಹಾಕಿದ ಸಂಕಲ್ಪ, ‘ಇವತ್ತು ಚೆನ್ನಾಗಿ ಓದಬೇಕು’ ಅನ್ನುವ ಸಂಕಲ್ಪಕ್ಕಿಂತ ಹೆಚ್ಚು ನಡೆಯುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದಲೂ ತೋರಿಸುತ್ತಾ ಬಂದಿದ್ದಾರೆ.

ದಿನಗಳ ಲೆಕ್ಕ ಹಾಕುವಾಗ ಧಾರಾಳ ಇರಲಿ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ? 49 ದಿನ. ನಿಜಕ್ಕೂ ಹಿಡಿದದ್ದು ಸರಾಸರಿ 55 ದಿನ. ಅತಿ ಕೆಟ್ಟ ಲೆಕ್ಕಕ್ಕಿಂತಲೂ ಹೆಚ್ಚು! ನಿಮ್ಮ ಕೆಲಸ ಅಂದುಕೊಂಡ ದಿನಕ್ಕೆ ಮುಗಿಯದಿದ್ದರೆ ಮೊದಲು ಲೆಕ್ಕದ ಮೇಲೆ ಅನುಮಾನ ಪಡಿ, ನಿಮ್ಮ ಮೇಲೆ ಆಮೇಲೆ. ಹಿಂದಿನ ಸಲ ಇಂಥದ್ದೇ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಅಂತ ನೋಡಿ ಅದನ್ನೇ ಹಾಕಿ.

ಓದುವ ರೀತಿಗೂ ನೆಮ್ಮದಿಗೂ ನಂಟಿದೆ. ಅದೇ ಪುಟವನ್ನು ಮತ್ತೆ ಮತ್ತೆ ಓದಿದರೆ ಎಲ್ಲ ಬರುತ್ತದೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಕೊಡುತ್ತದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಎರಡು ಬಗೆಯ ಓದನ್ನು ಹೋಲಿಸಿ ನೋಡಿದಾಗ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮರು ಓದಿದವರು ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರು ಮುಂದಿದ್ದರು. ಆದ್ದರಿಂದ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬಂದದ್ದನ್ನು ಬರೆಯಿರಿ. ಮೊದಲು ಕಸಿವಿಸಿ ಆಗುತ್ತದೆ. ಆದರೆ ಎಷ್ಟು ಬರುತ್ತದೆ, ಎಷ್ಟು ಬರುವುದಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಪರೀಕ್ಷಾ ಕೊಠಡಿಯ ಹೊರಗೆ ಎದೆ ಹೊಡೆದುಕೊಳ್ಳುತ್ತಿದ್ದರೆ ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುವುದು ಮೈಯ ಗುಣ. ಹತ್ತು ಸಲ ಸಾಕು.

ಹೆಜ್ಜೆ 4: ಒಬ್ಬರು ಸಾಕು

ಹೊಸ ಕ್ಯಾಂಪಸ್‌ಗೆ ಬಂದ ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ಗೆಳೆಯರಿದ್ದಾರೆ, ನನಗೊಬ್ಬರಿಗೇ ಇಲ್ಲ ಅನ್ನಿಸುತ್ತದೆ. ಎಲ್ಲರೂ ಬುದ್ಧಿವಂತರು, ನಾನು ಹೇಗೋ ನುಸುಳಿ ಬಂದಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ ಅಂತಲೂ ಅನ್ನಿಸುತ್ತದೆ. ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಈ ಭಾವನೆಯ ಬಗ್ಗೆ ಬರೆದಾಗ ಅವರ ಮುಂದೆ ಇದ್ದವರು ದೊಡ್ಡ ಸಾಧನೆ ಮಾಡಿದ್ದ ಹೆಂಗಸರು. ಹಾಗಾಗಿ ಈ ಭಾವನೆ ಬಂತು ಅಂದಮಾತ್ರಕ್ಕೆ ನಿಮಗೆ ಯೋಗ್ಯತೆ ಇಲ್ಲ ಅಂತ ಆಗುವುದಿಲ್ಲ.

ನಾಲ್ಕು ಜನರ ನಡುವೆ ಮಾತು ತಡವರಿಸಿದರೆ ವಾರಗಟ್ಟಲೆ ಕೊರಗುವವರು ಈ ಪ್ರಯೋಗವನ್ನು ನೆನಪಿಡಿ. ಥಾಮಸ್ ಗಿಲೊವಿಚ್ ತಂಡ 2000ದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಟೀಶರ್ಟ್ ಹಾಕಿಸಿ ಜನ ತುಂಬಿದ ಕೋಣೆಗೆ ಕಳಿಸಿತು. ಸುಮಾರು ಅರ್ಧದಷ್ಟು ಜನ ನೋಡಿರುತ್ತಾರೆ ಅಂತ ಅವರು ಅಂದಾಜಿಸಿದರು. ಗಮನಿಸಿದ್ದವರು ಕಾಲು ಭಾಗ ಮಾತ್ರ. ಎರಿಕಾ ಬೂತ್‌ಬಿ ಮತ್ತು ಜೊತೆಗಾರರ 2018ರ ಅಧ್ಯಯನವಂತೂ ನನಗೆ ಬಹಳ ಇಷ್ಟ. ಹೊಸಬರ ಜೊತೆ ಮಾತಾಡಿ ಬಂದ ಮೇಲೆ, ಎದುರಿನವರಿಗೆ ನಾವು ಎಷ್ಟು ಇಷ್ಟವಾದೆವು ಅನ್ನುವುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಒಂದೇ ಹಾಸ್ಟೆಲ್‌ನಲ್ಲಿ ಇರುವವರ ನಡುವೆಯೂ ಈ ತಪ್ಪು ಲೆಕ್ಕ ತಿಂಗಳುಗಟ್ಟಲೆ ಉಳಿದಿತ್ತು.

ಮಾಡಬೇಕಾದ್ದು ಇಷ್ಟು. ವಾರಕ್ಕೆ ಒಂದು ಹೊತ್ತು, ಒಂದೇ ಜಾಗಕ್ಕೆ, ಅದೇ ಜನ ಬರುವ ಕಡೆ ಹೋಗಿ. ಆಟದ ತಂಡ ಇರಬಹುದು, ಹಾಡಿನ ಗುಂಪು ಇರಬಹುದು, ಲೈಬ್ರರಿಯ ಅದೇ ಮೇಜು ಇರಬಹುದು. ಪದೇ ಪದೇ ಕಂಡ ಮುಖದ ಜೊತೆ ಮಾತು ಸುಲಭವಾಗಿ ಹುಟ್ಟುತ್ತದೆ. ಆಮೇಲೆ ಒಂದು ಸಣ್ಣ ಸಹಾಯ ಕೇಳಿ. ‘ನಿನ್ನೆಯ ನೋಟ್ಸ್ ಕೊಡ್ತೀಯಾ’ ಅಂದರೂ ಸಾಕು. ಕೇಳುವುದು ಹೊರೆ ಅಂತ ನಾವು ಹಿಂಜರಿಯುತ್ತೇವೆ. ಬೆಡ್‌ಶೀಟ್ ಹಿಂಡಲು ಕರೆದ ಆ ಅಕ್ಕನ ಮೇಲೆ ನನಗೆ ಒಂದು ಕ್ಷಣವೂ ಸಿಟ್ಟು ಬರಲಿಲ್ಲ. ನಾನು ಯಾರಿಗೋ ಬೇಕಾಗಿದ್ದೇನೆ ಅಂತ ಅನ್ನಿಸಿತ್ತು.

ಹೆಜ್ಜೆ 5: ಬೆಳೆಯುವುದಕ್ಕೆ ಒಂದೇ ಅಭ್ಯಾಸ

ವ್ಯಕ್ತಿತ್ವ ಬದಲಾಯಿಸುವ ಹದಿನೈದು ಸಂಕಲ್ಪಗಳ ಪಟ್ಟಿ ಬೇಡ. ಈ ಸೆಮಿಸ್ಟರ್‌ಗೆ ಒಂದು. ದಿನಾ ಒಂದು ಪುಟ ಬರೆಯುವುದು, ಕ್ಲಾಸಿನಲ್ಲಿ ವಾರಕ್ಕೊಂದು ಪ್ರಶ್ನೆ ಕೇಳುವುದು, ಯಾವುದಾದರೂ ಸರಿ. 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅಂತ ಸುಮ್ನೆ ಹೇಳುತ್ತಾರೆ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ದಿನನಿತ್ಯದ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನವೂ ಆಗಬಹುದು ಅನ್ನುವ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಹಾಗಾಗಿ ತಪ್ಪಿದ ಮರುದಿನ ಮತ್ತೆ ಮಾಡಿ, ಅಷ್ಟೇ.

ಹೆಜ್ಜೆ 6: ಇದು ನನ್ನ ಕೈ ಮೀರಿದೆ ಅನ್ನಿಸಿದಾಗ

ಮೇಲಿನದ್ದೆಲ್ಲ ದಿನನಿತ್ಯದ ಭಾರಕ್ಕೆ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು. ಎರಡು ವಾರ, ಹೆಚ್ಚು ಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಸಿದಿದೆಯಾ? ಹಿಂದೆ ಇಷ್ಟಪಟ್ಟು ಮಾಡುತ್ತಿದ್ದ ಯಾವುದೂ ಬೇಡ ಅನ್ನಿಸುತ್ತಿದೆಯಾ? ಅದರ ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟಿವೆಯಾ? ಹಾಗಾದರೆ ‘ಇನ್ನೂ ಸ್ವಲ್ಪ ದಿನ ನೋಡೋಣ’ ಅನ್ನಬೇಡಿ. ಕಾಲೇಜಿನ ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಹೋಗಿ. ಎದುರಿಗೆ ಇಲ್ಲದವರು ಮಾತಾಡುವ ಹಾಗೆ ಕೇಳಿಸಿದರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನುವ ನಂಬಿಕೆ ಬಿಡದೆ ಕಾಡಿದರೆ, ನೋವು ಮರೆಯಲು ಕುಡಿತ ಹಿಡಿದಿದ್ದರೆ ಎರಡು ವಾರವೂ ಕಾಯಬೇಡಿ. ನನ್ನ ವಯಸ್ಸಿಗೆ ಇದೆಂಥದ್ದು ಅನ್ನಬೇಡಿ, ಇಂಥ ಕಾಯಿಲೆಗಳು ಶುರುವಾಗುವ ವಯಸ್ಸೇ ಇದು. ರೊನಾಲ್ಡ್ ಕೆಸ್ಲರ್ ತಂಡ 2005ರಲ್ಲಿ ಅಮೆರಿಕದ ಸಮೀಕ್ಷೆಯಲ್ಲಿ ಕಂಡಂತೆ, ಜೀವಮಾನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ನಾಲ್ಕರಲ್ಲಿ ಮೂರು 24ರ ಒಳಗೇ ಶುರುವಾಗಿರುತ್ತವೆ.

ಮೊದಲ ಸಲ ಹೋದಾಗ ಬಾಯಿ ಕಟ್ಟುತ್ತದೆ. ಅದಕ್ಕೇ ಒಂದು ಚೀಟಿ ಬರೆದುಕೊಂಡು ಹೋಗಿ. ಯಾವಾಗಿಂದ, ನಿದ್ದೆ ಹೇಗಿದೆ, ಯಾವ ಕೆಲಸ ಆಗುತ್ತಿಲ್ಲ, ಯಾವ ಯೋಚನೆ ಹೆದರಿಸುತ್ತಿದೆ. ಮಾತು ಬರದಿದ್ದರೆ ಚೀಟಿಯನ್ನೇ ಕೊಡಿ. ನೀವು ಹೇಳಿದ್ದನ್ನು ಯಾರಿಗೆಲ್ಲ ತಿಳಿಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಬಹುದು. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತದೆ ಅನ್ನುವುದನ್ನು ಒಳ್ಳೆಯ ಕೌನ್ಸೆಲರ್ ತಾವಾಗಿಯೇ ಹೇಳುತ್ತಾರೆ. ಮೊದಲು ಸಿಕ್ಕವರ ಜೊತೆ ಹೊಂದಲಿಲ್ಲವೆಂದರೆ ಇನ್ನೊಬ್ಬರನ್ನು ನೋಡಿ. ಚಿಕಿತ್ಸೆಯನ್ನೇ ಬಿಡಬೇಡಿ.

ಗೆಳೆಯರೊಬ್ಬರ ಬಗ್ಗೆ ಅನುಮಾನ ಇದ್ದರೆ ನೇರವಾಗಿ ಕೇಳಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ಬೇಡ. ಕೇಳುವುದರಿಂದ ಹಾಗೆ ಆಗುವುದಿಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನು ದೂರ ಇಡಿ. ದೊಡ್ಡವರೊಬ್ಬರನ್ನು ಕರೆಯಿರಿ, ತುರ್ತು ಸಂಖ್ಯೆಗೆ ಫೋನ್ ಮಾಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದರೆ ಅದನ್ನು ಮುರಿಯಿರಿ.

ಆ ಯೋಚನೆ ಬರುತ್ತಿರುವುದು ನಿಮಗೇ ಆದರೆ, ನಿಮ್ಮ ದೇಶದ ಸಹಾಯವಾಣಿಯ ನಂಬರನ್ನು ಈಗಲೇ ಹುಡುಕಿ ಫೋನ್ ಮಾಡಿ. ಆಮೇಲೆ ಹತ್ತಿರದ ಒಬ್ಬರಿಗೆ ಮೆಸೇಜ್ ಹಾಕಿ. ಪದ ಸಿಗದಿದ್ದರೆ ಇದನ್ನೇ ಕಳಿಸಿ:

‘ಸ್ವಲ್ಪ ದಿನದಿಂದ ನನಗೆ ಸರಿಯಿಲ್ಲ. ಕೆಟ್ಟ ಯೋಚನೆ ಬರ್ತಿದೆ. ಒಂಟಿಯಾಗಿ ಇರೋಕೆ ಆಗ್ತಿಲ್ಲ. ಈಗ ಬರ್ತೀಯಾ?’